ಜಾತಕದ ನಕ್ಷತ್ರ, ಅಂಗಳದ ನಕ್ಷತ್ರ



ಮಂಗಳೂರಿನ ಪೇಟೆಯಲ್ಲಿ ಹತ್ತು ಜನರನ್ನು ನಿಲ್ಲಿಸಿ ‘ನಿಮ್ಮ ಜನ್ಮನಕ್ಷತ್ರ ಯಾವುದು?’ ಎಂದು ಕೇಳಿದರೆ ಅನೇಕರು ತಡವರಿಸದೆ ಉತ್ತರ ಹೇಳುತ್ತಾರೆ. ರೋಹಿಣಿ, ಮಘ, ಚಿತ್ರಾ, ಸ್ವಾತಿ - ಹೆಸರುಗಳು ನಾಲಿಗೆಯ ತುದಿಯಲ್ಲೇ ಇವೆ. ಅವರನ್ನೇ ರಾತ್ರಿ ಅಂಗಳಕ್ಕೆ ಕರೆತಂದು ‘ಎಲ್ಲಿ, ತೋರಿಸಿ ನೋಡುವ’ ಎಂದರೆ ತಲೆ ತುರಿಸಿಕೊಳ್ಳುತ್ತಾರೆ. ಮದುವೆಯಾಗಬೇಕಾದರೆ ಎರಡು ನಕ್ಷತ್ರಗಳು ಕೂಡಿ ಬರಬೇಕು. ಆದರೆ ಆ ಎರಡೂ ಆಕಾಶದ ಯಾವ ಮೂಲೆಯಲ್ಲಿವೆ ಎಂದು ಹುಡುಗನಿಗೂ ಗೊತ್ತಿಲ್ಲ, ಹುಡುಗಿಗೂ ಗೊತ್ತಿಲ್ಲ. ಮದುವೆಯ ದಿನ ಪುರೋಹಿತರು ವಧೂವರರಿಗೆ ಅರುಂಧತಿಯನ್ನು ತೋರಿಸುವ ಶಾಸ್ತ್ರವೂ ನಡೆಯುತ್ತದೆ. ಅದು ನಡೆಯುವುದು ಮಟಮಟ ಮಧ್ಯಾಹ್ನ, ಕಲ್ಯಾಣಮಂಟಪದ ಸೀಲಿಂಗ್ ಫ್ಯಾನಿನ ಕೆಳಗೆ. ನವದಂಪತಿ ಭಕ್ತಿಯಿಂದ ಫ್ಯಾನನ್ನೇ ನೋಡಿ ಕೈಮುಗಿಯುತ್ತಾರೆ.

ಇದು ನಗುವ ವಿಷಯವೂ ಹೌದು, ಸ್ವಲ್ಪ ದುಃಖದ ವಿಷಯವೂ ಹೌದು. ಇಪ್ಪತ್ತೇಳು ನಕ್ಷತ್ರಗಳ ಹೆಸರನ್ನು ಮನೆಮನೆಯಲ್ಲಿ ಉಳಿಸಿಕೊಂಡು ಬಂದ ಸಮಾಜ ಆ ನಕ್ಷತ್ರಗಳನ್ನೇ ಕಳೆದುಕೊಂಡಿದೆ. ಆದರೆ ಇದರಲ್ಲಿ ಒಂದು ಲಾಭವೂ ಇದೆ. ಆಕಾಶ ವೀಕ್ಷಣೆಯನ್ನು ಹವ್ಯಾಸವಾಗಿ ಶುರುಮಾಡಬೇಕೆನ್ನುವವರು ಎಲ್ಲಿಂದ ಆರಂಭಿಸಬೇಕೆಂದು ಹುಡುಕಬೇಕಾಗಿಲ್ಲ. ಅವರವರ ಹೆಸರಿನಲ್ಲಿ ಒಂದೊಂದು ನಕ್ಷತ್ರ ಆಗಲೇ ಬರೆದಿಟ್ಟಿದೆ. ಮೊದಲು ಅದನ್ನು ಹುಡುಕಿದರಾಯಿತು. ಜಾತಕದ ಫಲವನ್ನು ನಂಬುವವರೂ ನಂಬದವರೂ ಈ ಕೆಲಸವನ್ನು ಒಟ್ಟಿಗೇ ಮಾಡಬಹುದು.

ಅದಕ್ಕೆ ಬೇಕಾದ ಮೊದಲ ಸಲಕರಣೆ ದೂರದರ್ಶಕವಲ್ಲ, ಗೋಡೆಯ ಮೇಲೆ ನೇತಾಡುವ ಪಂಚಾಂಗದ ಕ್ಯಾಲೆಂಡರು. ಅದರಲ್ಲಿ ಪ್ರತಿದಿನದ ಚೌಕದಲ್ಲೂ ತಿಥಿಯ ಜೊತೆಗೆ ಒಂದು ನಕ್ಷತ್ರದ ಹೆಸರಿರುತ್ತದೆ. ಆ ದಿನ ಚಂದ್ರ ಆಕಾಶದ ಯಾವ ಭಾಗದಲ್ಲಿದ್ದಾನೆ ಎಂಬುದರ ವಿಳಾಸ ಅದು. ಚಂದ್ರ ಭೂಮಿಯನ್ನು ಒಂದು ಸುತ್ತು ಬರಲು ಸುಮಾರು 27.3 ದಿನ ತೆಗೆದುಕೊಳ್ಳುತ್ತಾನೆ. ಅವನ ದಾರಿಯನ್ನು ಇಪ್ಪತ್ತೇಳು ಬಿಡಾರಗಳಾಗಿ ಹಿರಿಯರು ಭಾಗ ಮಾಡಿದ್ದು ಇದೇ ಕಾರಣಕ್ಕೆ. ಒಬ್ಬರ ಜನ್ಮನಕ್ಷತ್ರ ರೋಹಿಣಿ ಎಂದರೆ ಅವರು ಹುಟ್ಟಿದಾಗ ಚಂದ್ರ ರೋಹಿಣಿಯ ಬಿಡಾರದಲ್ಲಿದ್ದ ಎಂದರ್ಥ, ಅಷ್ಟೆ. ಕ್ಯಾಲೆಂಡರಿನಲ್ಲಿ ರೋಹಿಣಿ ಎಂದಿರುವ ರಾತ್ರಿ ಚಂದ್ರನನ್ನು ನೋಡಿ. ಅವನ ಸಮೀಪದಲ್ಲಿ ಕೆಂಪು ಛಾಯೆಯ ಒಂದು ಪ್ರಕಾಶಮಾನ ನಕ್ಷತ್ರವಿರುತ್ತದೆ. ಅದೇ ರೋಹಿಣಿ. ಹಿಂದಿನ ರಾತ್ರಿ ಅವನು ಕೃತ್ತಿಕೆಯ ಪುಟ್ಟ ಗೊಂಚಲಿನ ಹತ್ತಿರವಿದ್ದ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಎಲ್ಲ ನಕ್ಷತ್ರಗಳೂ ಚಂದ್ರನ ದಾರಿಯ ಮೇಲೆಯೇ ಇಲ್ಲ. ಕೃತ್ತಿಕೆ, ರೋಹಿಣಿ, ಮಘ, ಚಿತ್ರಾ, ಜ್ಯೇಷ್ಠಾ ಇವು ದಾರಿಗೆ ಎಷ್ಟು ಸಮೀಪವೆಂದರೆ ಚಂದ್ರ ಕೆಲವು ವರ್ಷಗಳಲ್ಲಿ ಅವುಗಳ ಮುಂದೆಯೇ ಹಾದು ಅವನ್ನು ಮರೆಮಾಡುತ್ತಾನೆ. ಸ್ವಾತಿ ಮತ್ತು ಶ್ರವಣದವರು ಮಾತ್ರ ಬೇಸರಿಸಬಾರದು. ಅವರ ನಕ್ಷತ್ರಗಳು ದಾರಿಯಿಂದ ಬಹಳ ಉತ್ತರಕ್ಕಿವೆ, ಚಂದ್ರ ಅವುಗಳ ಹತ್ತಿರ ಎಂದೂ ಸುಳಿಯುವುದಿಲ್ಲ. ಆದರೆ ಸ್ವಾತಿ ಇಡೀ ಆಕಾಶದ ಅತಿ ಪ್ರಕಾಶಮಾನ ನಕ್ಷತ್ರಗಳಲ್ಲಿ ಒಂದು. ಏಪ್ರಿಲ್, ಮೇ ತಿಂಗಳ ರಾತ್ರಿ ಅದನ್ನು ಗುರುತಿಸಲು ಚಂದ್ರನ ಸಹಾಯ ಬೇಕಾಗುವುದಿಲ್ಲ.

ಅಳತೆಯ ಸಾಧನವೂ ಕೈಯಲ್ಲೇ ಇದೆ. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳಿನ ಅಗಲ 1 ಡಿಗ್ರಿ. ಚಂದ್ರ ದಿನವೊಂದಕ್ಕೆ ಸುಮಾರು 13 ಡಿಗ್ರಿ, ಎಂದರೆ ಒಂದು ಮುಷ್ಟಿಯ ಮೇಲೆ ಎರಡು ಬೆರಳಿನಷ್ಟು, ಪೂರ್ವಕ್ಕೆ ಸರಿಯುತ್ತಾನೆ. ಚಂದ್ರಬಿಂಬದ ಅಗಲ ಕೇವಲ ಅರ್ಧ ಡಿಗ್ರಿ. ಆದ್ದರಿಂದ ಅವನು ಒಂದು ಗಂಟೆಯಲ್ಲಿ ತನ್ನ ಮೈಯಗಲದಷ್ಟು ಸರಿದಿರುತ್ತಾನೆ. ಊಟಕ್ಕೆ ಮುಂಚೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ನೋಡಿದರೆ ಇದು ಬರಿಗಣ್ಣಿಗೇ ಕಾಣುತ್ತದೆ. ಪುಸ್ತಕದಲ್ಲಿ ‘ಚಂದ್ರ ಭೂಮಿಯನ್ನು ಸುತ್ತುತ್ತಾನೆ’ ಎಂದು ಓದುವುದು ಬೇರೆ, ಸುತ್ತುವುದನ್ನು ಕಣ್ಣಾರೆ ಹಿಡಿಯುವುದು ಬೇರೆ.

ನಕ್ಷತ್ರಗಳು ರೈತರ ಬಾಯಲ್ಲೂ ಇವೆ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರ್ದ್ರಾ ಮಳೆ ಎಂದು ಮಳೆಗಾಲವನ್ನೇ ನಕ್ಷತ್ರಗಳ ಹೆಸರಿನಲ್ಲಿ ಹಂಚಿಟ್ಟಿದ್ದಾರೆ. ಇಲ್ಲಿ ಲೆಕ್ಕ ಚಂದ್ರನದಲ್ಲ, ಸೂರ್ಯನದು. ಸೂರ್ಯ ಒಂದೊಂದು ನಕ್ಷತ್ರದ ಬಿಡಾರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಜೂನ್ 21-22ರ ಸುಮಾರಿಗೆ ಅವನು ಆರ್ದ್ರೆಯನ್ನು ಪ್ರವೇಶಿಸುತ್ತಾನೆ. ಸ್ವಾರಸ್ಯವೆಂದರೆ, ಆರ್ದ್ರಾ ಮಳೆ ಸುರಿಯುವಾಗ ಆರ್ದ್ರಾ ನಕ್ಷತ್ರವನ್ನು ಯಾರೂ ನೋಡಲಾರರು. ಮೋಡದ ಮಾತು ಹಾಗಿರಲಿ, ಅದು ಸೂರ್ಯನ ಜೊತೆಗೇ ಹಗಲಿನಲ್ಲಿ ಮೂಡಿ ಹಗಲಿನಲ್ಲೇ ಮುಳುಗುತ್ತಿರುತ್ತದೆ. ಅದನ್ನು ನೋಡಬೇಕಾದರೆ ಆರು ತಿಂಗಳು ಕಾಯಬೇಕು. ಡಿಸೆಂಬರ್ ಕೊನೆಯಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಅದು ಮಂಗಳೂರಿಗರ ನೆತ್ತಿಯ ಹತ್ತಿರವೇ ಕೆಂಪಗೆ ಹೊಳೆಯುತ್ತಿರುತ್ತದೆ. ಹಾಗಾದರೆ ಕಾಣದ ನಕ್ಷತ್ರದಲ್ಲಿ ಸೂರ್ಯನಿದ್ದಾನೆಂದು ಹಿಂದಿನವರು ಹೇಗೆ ತಿಳಿದರು? ಸೂರ್ಯ ಹುಟ್ಟುವ ಮೊದಲು ಮೂಡುವ ನಕ್ಷತ್ರ, ಮುಳುಗಿದ ಮೇಲೆ ಕಾಣುವ ನಕ್ಷತ್ರ ಇವೆರಡನ್ನೂ ವರ್ಷಗಟ್ಟಲೆ ನೋಡಿ, ನಡುವಿನದನ್ನು ಲೆಕ್ಕ ಹಾಕಿ. ಇದು ನೋಡಿ ಕಲಿತ ವಿದ್ಯೆ. ನೋಡುವುದು ನಿಂತು ಲೆಕ್ಕ ಮಾತ್ರ ಉಳಿದಿದೆ.

ಇನ್ನು ಊರಿನ ಮಾತಿಗೆ ಬರೋಣ. ಮಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿದೆ. ಧ್ರುವ ನಕ್ಷತ್ರ ಒಂದು ಊರಿನ ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರದಲ್ಲಿ ಕಾಣುತ್ತದೆ. ಎಂದರೆ ಇಲ್ಲಿ ಉತ್ತರ ದಿಗಂತದಿಂದ ಮುಷ್ಟಿಯ ಮೇಲೆ ಎರಡು ಬೆರಳು. ಅರಬ್ಬಿ ಸಮುದ್ರದ ನಾವಿಕರು ಬಂದರುಗಳನ್ನು ಗುರುತಿಸುತ್ತಿದ್ದುದು ಹೀಗೆಯೇ. ಒಂದು ಚಿಕ್ಕ ಮರದ ಹಲಗೆ, ಅದಕ್ಕೆ ಕಟ್ಟಿದ ಗಂಟುಗಳ ದಾರ - ‘ಕಮಾಲ್’ ಎಂದು ಅದರ ಹೆಸರು. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಲಗೆಯನ್ನು ಮುಂದೆ ಹಿಡಿದರೆ ಧ್ರುವನ ಎತ್ತರ ಇಷ್ಟು ‘ಬೆರಳು’ ಎಂದು ಸಿಗುತ್ತಿತ್ತು. ಬೇಕಾದ ಎತ್ತರ ಬರುವವರೆಗೆ ತೆಂಕಣಕ್ಕೋ ಬಡಗಣಕ್ಕೋ ಹೋಗಿ, ಬಳಿಕ ನೇರ ಪೂರ್ವಕ್ಕೆ ಹಾಯಿ ತಿರುಗಿಸಿದರೆ ಊರು ಸಿಕ್ಕಿತು. ಹನ್ನೆರಡನೆಯ ಶತಮಾನದಲ್ಲಿ ಏಡನ್ನಿನಿಂದ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು, ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಇವರೆಲ್ಲ ದಾಟಿದ್ದು ನಕ್ಷತ್ರ ನೋಡಿ ಹಡಗು ನಡೆಸುತ್ತಿದ್ದ ಈ ಕಡಲನ್ನೇ.

ಇಷ್ಟು ತೆಂಕಣದಲ್ಲಿರುವುದರ ದೊಡ್ಡ ಭಾಗ್ಯವೆಂದರೆ ಆಕಾಶದ ಎರಡೂ ತುದಿಗಳು ಕಾಣುವುದು. ಯುರೋಪಿನವರು ಪುಸ್ತಕದಲ್ಲಷ್ಟೇ ಓದುವ ತ್ರಿಶಂಕು ಇಲ್ಲಿ ಮೇ ತಿಂಗಳ ನಡುವೆ ರಾತ್ರಿ ಒಂಬತ್ತೂವರೆ ಹೊತ್ತಿಗೆ ದಕ್ಷಿಣ ದಿಗಂತದ ಮೇಲೆ ನೆಟ್ಟಗೆ ನಿಲ್ಲುತ್ತದೆ. ಅದೇ ಹೊತ್ತಿಗೆ ತಿರುಗಿ ನೋಡಿದರೆ ಉತ್ತರದಲ್ಲಿ ಸಪ್ತರ್ಷಿಗಳು. ಸಪ್ತರ್ಷಿ ಮಂಡಲದ ಹಿಡಿಯ ನಡುವಿನ ನಕ್ಷತ್ರ ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಮಂಕಾಗಿ ಕಾಣುವ ಚುಕ್ಕಿಯೇ ಕಲ್ಯಾಣಮಂಟಪದಲ್ಲಿ ಕಾಣದೆ ಹೋದ ಅರುಂಧತಿ. ಕಣ್ಣು ಚೆನ್ನಾಗಿದ್ದವರಿಗೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ಫೆಬ್ರವರಿಯಲ್ಲಾದರೆ ರಾತ್ರಿ ಒಂಬತ್ತೂವರೆಗೆ ದಕ್ಷಿಣದಲ್ಲಿ ಅಗಸ್ತ್ಯ, ಅದರ ಮೇಲುಗಡೆ ಆಕಾಶದಲ್ಲೇ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ ಲುಬ್ಧಕ. ಅಲ್ಲಿಂದ ಬಡಗಣಕ್ಕೆ ಮಹಾವ್ಯಾಧನ ಮೂರು ನಕ್ಷತ್ರಗಳ ನಡುಪಟ್ಟಿ. ಯಾವ ನಕ್ಷೆಯೂ ಇಲ್ಲದೆ ಮೊದಲ ರಾತ್ರಿಯೇ ಗುರುತಿಸಬಹುದಾದ ಮಂಡಲ ಇದು.

ಪಶ್ಚಿಮದಲ್ಲಿ ಕಡಲಿದೆ. ತಣ್ಣೀರುಬಾವಿ, ಸೋಮೇಶ್ವರದ ಮರಳಿನ ಮೇಲೆ ಸಂಜೆ ಕುಳಿತವರಿಗೆ ಬೆಟ್ಟದ, ಕಟ್ಟಡದ ಅಡ್ಡಿಯಿಲ್ಲದ ದಿಗಂತ ಸಿಗುತ್ತದೆ. ಸೂರ್ಯನ ಬೆನ್ನಿಗೇ ಮುಳುಗುವ ಬುಧನನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಡ. ರಂಜಾನಿನ ಎಳೆಯ ಚಂದ್ರನಿಗಾಗಿ ಕರಾವಳಿಯ ಜನ ಕಣ್ಣು ನೆಡುವುದೂ ಇದೇ ದಿಗಂತದ ಕಡೆಗೆ. ಹಾಗೆ ನೋಡಿದರೆ ಊರಿನಲ್ಲಿ ಇಂದಿಗೂ ಆಕಾಶವನ್ನು ನಿಜವಾಗಿ ನೋಡಿ ದಿನ ನಿರ್ಧರಿಸುವ ಪದ್ಧತಿ ಉಳಿದಿರುವುದು ಮುಖ್ಯವಾಗಿ ಅಲ್ಲಿಯೇ.

ಅನನುಕೂಲಗಳನ್ನೂ ಮುಚ್ಚಿಡಬಾರದು. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶಕ್ಕೆ ಬೀಗ. ಕರಾವಳಿಯ ವೀಕ್ಷಕನ ಹಂಗಾಮು ಯಕ್ಷಗಾನ ಮೇಳಗಳ ಹಂಗಾಮಿನಷ್ಟೇ: ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿ, ಪತ್ತನಾಜೆಗೆ ಬಿಚ್ಚುವುದು. ಇಡೀ ರಾತ್ರಿ ಬಯಲಾಟ ನೋಡುತ್ತಿದ್ದವರಿಗೆ ಬೆಳ್ಳಿ ಮೂಡುವುದೂ ತಿಳಿಯುತ್ತಿತ್ತು, ಸಂಜೆ ಪೂರ್ವದಲ್ಲಿದ್ದ ನಕ್ಷತ್ರ ಬೆಳಗಿನ ಜಾವಕ್ಕೆ ಪಶ್ಚಿಮಕ್ಕೆ ಹೊರಳುವುದೂ ತಿಳಿಯುತ್ತಿತ್ತು. ಕಾಲಮಿತಿಯ ಆಟಗಳು ಬಂದ ಮೇಲೆ ಅದೂ ತಪ್ಪಿತು. ಸೆಖೆಗಾಲದಲ್ಲಿ ಕಡಲ ತೇವದಿಂದ ದಿಗಂತ ಮಸುಕಾಗಿರುತ್ತದೆ. ಹಂಚಿನ ಮನೆಗೆ ತಾರಸಿಯಿಲ್ಲ, ಅಂಗಳಕ್ಕಿಳಿದರೆ ತೆಂಗಿನ ಮಡಲು ಅರ್ಧ ಆಕಾಶವನ್ನು ನುಂಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ದೀಪಗಳದು. ನಗರದ ಉತ್ತರಕ್ಕೆ ಪಣಂಬೂರಿನ ಬಂದರು, ಕೈಗಾರಿಕೆಗಳು. ಪಾಪ, ಧ್ರುವ ಇರುವುದೂ ಅದೇ ದಿಕ್ಕಿನಲ್ಲಿ, ಅದೇ ಹೊಗೆಬೆಳಕಿನ ಮೇಲೆ. ಹಂಪನಕಟ್ಟೆಯಲ್ಲಿ ನಿಂತು ಆಕಾಶಗಂಗೆಯನ್ನು ನೋಡುವ ಆಸೆಯನ್ನು ಬಿಡಬೇಕು. ಅದಕ್ಕೆ ಘಟ್ಟದ ಬುಡದ ಕಡೆಗೆ, ಬೆಳ್ತಂಗಡಿ ಚಾರ್ಮಾಡಿಯ ಹಳ್ಳಿಗಳಿಗೆ ಅಮಾವಾಸ್ಯೆಯ ಆಸುಪಾಸು ಹೋಗಬೇಕು. ಬೀದಿದೀಪ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ರಸ್ತೆಗೆ ಹಾಕಿದ ದೀಪ ಮೋಡಕ್ಕೇಕೆ ಬೆಳಕು ಚೆಲ್ಲಬೇಕು? ಮೇಲ್ಗಡೆ ಮುಚ್ಚಳವಿದ್ದರೆ ಕರೆಂಟೂ ಉಳಿಯುತ್ತದೆ, ನಕ್ಷತ್ರವೂ ಉಳಿಯುತ್ತದೆ. ತಮ್ಮ ಮನೆಯ ಗೇಟಿನ ದೀಪದಿಂದಲೇ ಇದನ್ನು ಶುರುಮಾಡಬಹುದು.

ಬರಿಗಣ್ಣಿನಲ್ಲಿ ಒಂದು ಹಂಗಾಮು ಕಳೆದವರು ಮಾತ್ರ ಸಲಕರಣೆಯ ಯೋಚನೆ ಮಾಡುವುದು ಒಳ್ಳೆಯದು. ಆಗಲೂ ಮೊದಲು ಕೊಳ್ಳಬೇಕಾದ್ದು ದುರ್ಬೀನು. 7x50 ಎಂದು ಅದರ ಮೇಲೆ ಬರೆದಿದ್ದರೆ ಏಳು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಮಸೂರದ ಅಗಲ 50 ಮಿಲಿಮೀಟರ್ ಎಂದರ್ಥ. ಇದರಲ್ಲಿ ಎರಡನೆಯ ಸಂಖ್ಯೆಯೇ ಮುಖ್ಯ. ಕತ್ತಲೆಯಲ್ಲಿ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅರಳುತ್ತದೆ. 50 ಮಿಲಿಮೀಟರಿನ ಮಸೂರ ಅದಕ್ಕಿಂತ ಸುಮಾರು ಐವತ್ತು ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಗೋಡೆಗೋ ತೆಂಗಿನ ಮರಕ್ಕೋ ಒರಗಿ ಕೈ ಅಲುಗದಂತೆ ಹಿಡಿದರೆ 1610ರಲ್ಲಿ ಗೆಲಿಲಿಯೋ ಕಂಡ ಗುರುವಿನ ಉಪಗ್ರಹಗಳು ಚುಕ್ಕಿಗಳಾಗಿ ಕಾಣುತ್ತವೆ. ಕೃತ್ತಿಕೆಯ ಆರು ಚುಕ್ಕಿಗಳು ಹತ್ತಾರಾಗುತ್ತವೆ. ಚಂದ್ರನ ಕುಳಿಗಳನ್ನು ನೋಡಲು ಹುಣ್ಣಿಮೆಗಿಂತ ಅಷ್ಟಮಿಯೇ ಲೇಸು, ಓರೆ ಬೆಳಕಿನಲ್ಲಿ ನೆರಳು ಉದ್ದವಾಗಿ ಬೀಳುತ್ತದೆ. ಕತ್ತಲೆಯ ಜಾಗವಾದರೆ ನವೆಂಬರಿನ ರಾತ್ರಿ ಆಂಡ್ರೋಮಿಡಾ ಗೆಲಾಕ್ಸಿ ಮಬ್ಬು ತೇಪೆಯಂತೆ ಸಿಗುತ್ತದೆ. ಅಲ್ಲಿಂದ ಹೊರಟ ಬೆಳಕು ಅಂಗಳ ತಲುಪಲು ಸುಮಾರು 25 ಲಕ್ಷ ವರ್ಷ ನಡೆದಿದೆ.

‘ಐನೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂದು ಡಬ್ಬಿಯ ಮೇಲೆ ಬರೆದ ಆಟಿಕೆ ದೂರದರ್ಶಕಗಳಿಂದ ದೂರವಿರಬೇಕು. ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟಿಗಿಂತ ಹೆಚ್ಚು ವರ್ಧನೆ ಉಪಯೋಗಕ್ಕೆ ಬಾರದು. 60 ಮಿಲಿಮೀಟರಿನದಕ್ಕೆ 120 ಪಟ್ಟು ಕೊನೆ. ಹೆಚ್ಚು ಖರ್ಚು ಮಾಡಲು ಸಿದ್ಧವಿದ್ದವರಿಗೆ ಡಾಬ್ಸೋನಿಯನ್ ಎಂಬ ಸರಳ ಜಾತಿಯ ದರ್ಪಣ ದೂರದರ್ಶಕವಿದೆ. ಇದನ್ನು ಬಳಕೆಗೆ ತಂದ ಜಾನ್ ಡಾಬ್ಸನ್ ಅಮೆರಿಕದ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದವರು. ಪ್ಲೈವುಡ್ಡು, ರಟ್ಟಿನ ಕೊಳವೆ, ಕೈಯಲ್ಲೇ ಉಜ್ಜಿ ಮಾಡಿದ ಕನ್ನಡಿ ಇಷ್ಟರಲ್ಲಿ ದೂರದರ್ಶಕ ಕಟ್ಟಿ, ಸ್ಯಾನ್‌ಫ್ರಾನ್ಸಿಸ್ಕೋದ ಬೀದಿಬದಿಯಲ್ಲಿ ನಿಂತು ದಾರಿಹೋಕರನ್ನು ಕರೆದು ಶನಿಯ ಬಳೆ ತೋರಿಸುತ್ತಿದ್ದರು.

ಕರಾವಳಿಯಲ್ಲಿ ಕೊಂಡದ್ದನ್ನು ಉಳಿಸಿಕೊಳ್ಳುವುದೇ ಕೊಳ್ಳುವುದಕ್ಕಿಂತ ಕಷ್ಟ. ಮಳೆಗಾಲದಲ್ಲಿ ಚಪ್ಪಲಿಗೆ, ಪುಸ್ತಕಕ್ಕೆ ಬರುವ ಬೂಷ್ಟು ಮಸೂರಕ್ಕೂ ಬರುತ್ತದೆ. ಬಂದರೆ ಒಳಗೆ ಜೇಡರ ಬಲೆಯಂತೆ ಹರಡಿ ಗಾಜನ್ನೇ ತಿನ್ನುತ್ತದೆ. ಚರ್ಮದ ಚೀಲದಲ್ಲಿಟ್ಟು ಕಪಾಟಿಗೆ ಸೇರಿಸಬಾರದು. ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣ. ತೇವ ಹೀರಿದ ಪೊಟ್ಟಣವನ್ನು ಆಗಾಗ ಬಿಸಿಮಾಡಿ ಒಣಗಿಸಬೇಕು.

ಓದುವವರಿಗೆ ಕನ್ನಡದಲ್ಲಿ ಬಡತನವಿಲ್ಲ. ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ಮಕ್ಕಳಿಗೆ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ವನ್ನೂ ಬರೆದರು. ಮಡಿಕೇರಿಯಲ್ಲಿ ಹುಟ್ಟಿದ ಗಣಿತದ ಅಧ್ಯಾಪಕ ಜಿ.ಟಿ. ನಾರಾಯಣ ರಾವ್ (1926-2008) ನಕ್ಷತ್ರ ವೀಕ್ಷಣೆಯ ಬಗ್ಗೆಯೇ ಪುಸ್ತಕಗಳನ್ನು ಬರೆದು, ಊರೂರು ತಿರುಗಿ ಜನರಿಗೆ ಆಕಾಶ ತೋರಿಸಿದರು. 1975ರಿಂದ 2012ರವರೆಗೆ ಮಂಗಳೂರಿನಲ್ಲಿದ್ದ ಅತ್ರಿ ಬುಕ್ ಸೆಂಟರ್ ಅವರ ಮಗನದು. ಈಗ ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವಿದೆ. ತಾರಾಲಯದ ಗುಮ್ಮಟ ಎಷ್ಟೇ ಚೆಂದವಿದ್ದರೂ ಅದು ಆಕಾಶದ ಚಿತ್ರ. ಅಲ್ಲಿ ಕಲಿತದ್ದನ್ನು ಅದೇ ರಾತ್ರಿ ಹೊರಗೆ ನೋಡಿದರೆ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ.

ಹಗಲಿನಲ್ಲೂ ಮಾಡಬಹುದಾದ ಒಂದು ಪ್ರಯೋಗವಿದೆ, ಶಾಲೆಯ ಮೇಷ್ಟ್ರುಗಳು ಗಮನಿಸಬೇಕು. ಏಪ್ರಿಲ್ 24ರ ಸುಮಾರಿಗೆ, ಎಂದರೆ ಬಿಸು ಕಳೆದು ಪಗ್ಗು ತಿಂಗಳ ಹತ್ತರ ಆಸುಪಾಸಿನಲ್ಲಿ, ಮಧ್ಯಾಹ್ನದ ಸೂರ್ಯ ಮಂಗಳೂರಿನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣ ನೆರಳೇ ಇರುವುದಿಲ್ಲ. ಗಡಿಯಾರ ಆಗ ಹನ್ನೆರಡು ತೋರಿಸುವುದಿಲ್ಲ, ಸುಮಾರು 12.28 ತೋರಿಸುತ್ತದೆ. ಭಾರತದ ಸಮಯದ ಲೆಕ್ಕ ಮಂಗಳೂರಿಗಿಂತ ಬಹಳ ಪೂರ್ವದ, 82.5 ಡಿಗ್ರಿ ರೇಖಾಂಶದ್ದು ಎಂಬುದು ಇದರ ಮುಖ್ಯ ಕಾರಣ. ಅದೇ ದಿನ ಕಾರವಾರದ ಶಾಲೆಯವರು ತಮ್ಮ ನಡುಹಗಲಿನಲ್ಲಿ ಒಂದು ಮೀಟರಿನ ಕೋಲು ನಿಲ್ಲಿಸಿದರೆ ಸುಮಾರು ಮೂರೂವರೆ ಸೆಂಟಿಮೀಟರ್ ನೆರಳು ಬೀಳುತ್ತದೆ. ಈ ಪುಟ್ಟ ನೆರಳಿನಿಂದ ಎರಡು ಊರುಗಳ ನಡುವಿನ ಕೋನ 2 ಡಿಗ್ರಿಗೆ ಸಮೀಪವೆಂದು ಸಿಗುತ್ತದೆ. ನಕ್ಷೆಯಲ್ಲಿ ತೆಂಕು-ಬಡಗು ಅಂತರ ಸುಮಾರು 215 ಕಿಲೋಮೀಟರ್. ತ್ರೈರಾಶಿಕ ಹಾಕಿದರೆ ಭೂಮಿಯ ಸುತ್ತಳತೆ 40 ಸಾವಿರ ಕಿಲೋಮೀಟರಿನ ಹತ್ತಿರ ಬಂದು ನಿಲ್ಲುತ್ತದೆ. ಎರಡು ಕೋಲು, ಒಂದು ಸ್ಕೇಲು, ಒಂದು ಫೋನು: ಖರ್ಚು ಇಷ್ಟೇ. ಎರಡು ಸಾವಿರ ವರ್ಷಗಳಿಗೂ ಹಿಂದೆ ಎರಟೋಸ್ಥೆನೀಸ್ ಮಾಡಿದ್ದೂ ಇದನ್ನೇ, ಫೋನೊಂದನ್ನು ಬಿಟ್ಟು.

2019ರ ಡಿಸೆಂಬರ್ 26ರ ಬೆಳಗ್ಗೆ ಕರಾವಳಿಗೆ ಕಂಕಣ ಸೂರ್ಯಗ್ರಹಣ ಬಂತು. ಅದರ ನಡುರೇಖೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಕಡೆಯಿಂದ ಒಳನುಗ್ಗಿತು. ಮಂಗಳೂರು ಆ ಪಟ್ಟಿಯ ಬಡಗಣ ಅಂಚಿನ ಹತ್ತಿರವಿತ್ತು. ಒಂಬತ್ತೂವರೆಗೆ ಐದಾರು ನಿಮಿಷ ಮುಂಚೆ ಸೂರ್ಯ ಬಳೆಯಾದ. ಸುರಕ್ಷಿತ ಕನ್ನಡಕವಿಲ್ಲದವರೂ ಮರದ ನೆರಳನ್ನು ನೋಡಿದರೆ ಸಾಕಾಗಿತ್ತು. ಎಲೆಗಳ ನಡುವಿನ ಒಂದೊಂದು ಕಿಂಡಿಯೂ ಸೂಜಿರಂಧ್ರದ ಕ್ಯಾಮರಾ ಆಗಿ, ನೆಲದ ಮೇಲೆ ಬಳೆಗಳನ್ನು ಚೆಲ್ಲುವುದು ಅಂಥ ಹೊತ್ತಿನಲ್ಲೇ. ಅದೇ ಬೆಳಗ್ಗೆ ರಾಜ್ಯದ ಇನ್ನೊಂದು ತುದಿಯಲ್ಲಿ, ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಗ್ರಹಣದ ಹೊತ್ತಿನಲ್ಲಿ ಹೂತರೆ ಅಂಗವೈಕಲ್ಯ ವಾಸಿಯಾಗುತ್ತದೆಂದು ನಂಬಿ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ಪೋಷಕರು ಕೆಟ್ಟವರಲ್ಲ. ಮಕ್ಕಳ ಒಳಿತಿಗೆಂದೇ ಮಾಡಿದರು. ಗ್ರಹಣವೆಂದರೆ ಒಂದು ನೆರಳಿನ ಹಾದಿ, ಅದನ್ನು ಮಕ್ಕಳ ಜೊತೆ ಕುಳಿತು ನೋಡಬಹುದು ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ. ಬಯ್ದು ತಿದ್ದಲಾಗದ ಭಯಕ್ಕೆ ಒಂದು ರಟ್ಟಿನ ತೂತು ಕೆಲವೊಮ್ಮೆ ಮದ್ದಾಗುತ್ತದೆ.

ಗ್ರಹಣದ ಗಲಾಟೆಯ ಅದೇ ದಿನಗಳಲ್ಲಿ ಆಕಾಶದಲ್ಲಿ ಇನ್ನೊಂದು ಘಟನೆ ಸದ್ದಿಲ್ಲದೆ ನಡೆಯುತ್ತಿತ್ತು. ಮಹಾವ್ಯಾಧನ ಹೆಗಲಿನಲ್ಲಿರುವ ಆರ್ದ್ರೆ ರಾತ್ರಿಯಿಂದ ರಾತ್ರಿಗೆ ಮಂಕಾಗತೊಡಗಿತ್ತು. 2020ರ ಫೆಬ್ರವರಿಯ ಹೊತ್ತಿಗೆ ಅದರ ಕಾಂತಿ ಸಾಮಾನ್ಯ ಕಾಂತಿಯ ಮೂರನೆಯ ಒಂದಂಶಕ್ಕೆ ಇಳಿಯಿತು. ಮಹಾವ್ಯಾಧನ ಇನ್ನೊಂದು ಹೆಗಲಿನ ನಕ್ಷತ್ರದೊಡನೆ, ಪಕ್ಕದ ರೋಹಿಣಿಯೊಡನೆ ಹೋಲಿಸಿ ನೋಡಿದವರಿಗೆ ಇದು ಬರಿಗಣ್ಣಿಗೇ ತಿಳಿಯುತ್ತಿತ್ತು. ಸಿಡಿದೇ ಹೋಗುತ್ತದೋ ಎಂಬ ಮಾತೂ ಬಂತು. ನಕ್ಷತ್ರ ತಾನೇ ಉಗುಳಿದ ದೂಳು ಅದರ ಮುಖ ಮುಚ್ಚಿತ್ತೆಂದು ಆಮೇಲೆ ಗೊತ್ತಾಯಿತು. ಹೀಗೆ ಕಾಂತಿ ಬದಲಿಸುವ ನಕ್ಷತ್ರಗಳು ಸಾವಿರಾರಿವೆ; ಎಲ್ಲವನ್ನೂ ದಿನವೂ ನೋಡಲು ದೊಡ್ಡ ವೀಕ್ಷಣಾಲಯಗಳಿಗೆ ಪುರಸೊತ್ತಿಲ್ಲ. ಅಮೆರಿಕದಲ್ಲಿ 1911ರಲ್ಲಿ ಹುಟ್ಟಿದ ಬದಲಾಗುವ ನಕ್ಷತ್ರಗಳ ವೀಕ್ಷಕರ ಸಂಘ ಹವ್ಯಾಸಿಗಳ ಅಂದಾಜುಗಳನ್ನು ಇಂದಿಗೂ ಸ್ವೀಕರಿಸುತ್ತದೆ, ವಿಜ್ಞಾನಿಗಳು ಅವನ್ನು ಬಳಸುತ್ತಾರೆ. ಅದಕ್ಕೆ ಬೇಕಾದ್ದು ಒಂದು ನೋಟುಪುಸ್ತಕ: ತಾರೀಖು, ಗಂಟೆ, ಜಾಗ, ಮೋಡ ಎಷ್ಟಿತ್ತು, ಯಾವುದಕ್ಕಿಂತ ಪ್ರಕಾಶ, ಯಾವುದಕ್ಕಿಂತ ಮಂಕು.

ಮುಂದಿನ ಕಂಕಣ ಗ್ರಹಣ ದಕ್ಷಿಣ ಭಾರತಕ್ಕೆ ಬರುವುದು 2031ರ ಮೇ 21ರಂದು. ಬಳೆ ಕಾಣುವ ಪಟ್ಟಿ ಕೇರಳದ ದಕ್ಷಿಣ ಭಾಗ ಮತ್ತು ತಮಿಳುನಾಡಿನ ಮೇಲೆ ಹಾಯುತ್ತದೆ, ಮಂಗಳೂರಿನಲ್ಲಿ ಪಾರ್ಶ್ವಗ್ರಹಣ. ಪತ್ತನಾಜೆಗೆ ಆಗ ಮೂರು ನಾಲ್ಕು ದಿನ ಉಳಿದಿರುತ್ತದೆ, ಮಳೆ ಇನ್ನೂ ಹಿಡಿದಿರುವುದಿಲ್ಲವೆಂದು ಆಶಿಸಬಹುದು. ಬಳೆಯನ್ನೇ ನೋಡಬೇಕೆನ್ನುವವರು ಕೊಚ್ಚಿಯ ಕಡೆಗೆ ರೈಲಿನ ಟಿಕೆಟಿಗೆ ಸಾಕಷ್ಟು ಮುಂಚೆಯೇ ಏರ್ಪಾಡು ಮಾಡಿಕೊಳ್ಳಲಿ. ಅಂಗಳದಲ್ಲೇ ನೋಡುವವರು ಹಲಸಿನ ಮರದ ಕೆಳಗಿನ ನೆಲವನ್ನು ಆ ಬೆಳಗ್ಗೆ ಚೆನ್ನಾಗಿ ಗುಡಿಸಿಟ್ಟುಕೊಳ್ಳಲಿ.